ಎದ್ದು ನಿಂತ ತಪ್ಪು

ತನ್ನ ಬಗ್ಗೆ ಸಿನಿಮಾ ತೆಗೆಯಲು ಜನ ಬಂದಿದ್ದಾರೆಂದು ಕೇಳಿದಾಗ ಲೊಸೇನಾಳಿಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು. ಗೆದ್ದವರು ಅಷ್ಟು ಜನ ಇರುವಾಗ ಸೋತವಳನ್ನು ಹುಡುಕಿಕೊಂಡು ಆಕ್ಲೆಂಡಿನಿಂದ ಸಮುದ್ರ ದಾಟಿ ಈ ದ್ವೀಪದ ನಕೋವು ಊರಿನವರೆಗೆ ಯಾಕೆ ಬರಬೇಕು? ನಿರ್ದೇಶಕಿ ಫಿಲಿಪಾ ಅದಕ್ಕೆ ಉತ್ತರ ಇಟ್ಟುಕೊಂಡೇ ದೋಣಿ ಇಳಿದಿದ್ದಳು.

"ಸಿನಿಮಾದಲ್ಲಿ ನೀನು ಗೆಲ್ತೀಯ," ಅಂದಳು.

ಸೋತದ್ದು ಎರಡು ವರ್ಷದ ಹಿಂದೆ. ಚಂಡಮಾರುತಕ್ಕೆ ಪೇಟೆಯ ಶಾಲೆಯ ಸೂರು ಹಾರಿಹೋಗಿದ್ದರಿಂದ ಉತ್ತರದ ಶಾಲೆಗಳ ಚೆಸ್ ಫೈನಲ್ಲು ನಕೋವಿನ ಊರಮನೆಯಲ್ಲಿ ನಡೆಯಿತು. ಗೆದ್ದವರು ರಾಜಧಾನಿ ಸುವಾಕ್ಕೆ, ಅಲ್ಲಿಂದ ದೇಶದ ಕಿರಿಯರ ತಂಡಕ್ಕೆ. ಗಡಿಯಾರವಿಟ್ಟು ಆಡುವ ಆಟ; ತನ್ನ ಸಮಯ ಮುಗಿದವರು ಸೋತಂತೆ. ಎದುರಿಗೆ ಕೂತವನು ಲಂಬಾಸಾ ಪೇಟೆಯ ಬಟ್ಟೆ ಅಂಗಡಿಯವರ ಮಗ ರೊನೀಲ್; ಅವನಿಗೆ ಹೇಳಿಕೊಡಲು ಮನೆಗೇ ಕೋಚ್ ಬರುತ್ತಿದ್ದ. ಲೊಸೇನಾಳಿಗೆ ಹೇಳಿಕೊಟ್ಟವರು ಊರಿನ ಎರೋನಿ ಮೇಷ್ಟ್ರು. ಅವರು ಕಲಿತದ್ದು ಹಡಗಿನ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದಾಗ, ಒಬ್ಬ ರಷ್ಯನ್ ಮೆಕ್ಯಾನಿಕ್‌ನಿಂದ ಸೋತೂ ಸೋತೂ.

ಆದರೂ ಆ ಮಧ್ಯಾಹ್ನ ಆಟ ಅವಳದಾಗಿತ್ತು. ಆನೆಯನ್ನು ಮೂಲೆಗೆ ತಂದರೆ ರೊನೀಲನ ರಾಜನಿಗೆ ಓಡಲು ಮನೆಯಿಲ್ಲ. ಅದು ಅವಳಿಗೂ ಗೊತ್ತಿತ್ತು, ಕಿವಿ ಕೆಂಪಾಗಿದ್ದ ರೊನೀಲನಿಗೂ ಗೊತ್ತಿತ್ತು. ಅವಳು ಆನೆಯ ಕಡೆ ಕೈ ಚಾಚುವ ಹೊತ್ತಿಗೆ ಬಾಗಿಲಲ್ಲಿ ಊರಿನ ಒಡೆಯರು, ಅಂದರೆ ರಾತು, ಕಾಣಿಸಿಕೊಂಡರು; ಹೆಸರು ಕಲಿಯೋವ.

ರಾತು ಕೂತ ಕಡೆ ಯಾರ ತಲೆಯೂ ಅವರ ತಲೆಗಿಂತ ಮೇಲಿರುವಂತಿಲ್ಲ. ನಕೋವಿನಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ಯಾರೂ ಕಲಿಯುವುದಿಲ್ಲ; ಮಂಡಿಗೆ ತಾನಾಗಿ ಗೊತ್ತಿರುತ್ತದೆ. ರಾತು ಬಂದು ಚಾಪೆಯ ತಲೆಭಾಗದಲ್ಲಿ ಕೂತರು. ಊರೆಲ್ಲ ನೆಲಕ್ಕಿಳಿಯಿತು. ಲೊಸೇನಾಳೂ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತಳು. ಅಲ್ಲಿಂದ ಅವಳಿಗೆ ಮೇಜಿನ ಅಡಿ ಕಂಡಿತು, ಯಾರೋ ಅಂಟಿಸಿದ್ದ ಚೂಯಿಂಗ್ ಗಮ್ ಕಂಡಿತು, ಆನೆ ಕಾಣಲಿಲ್ಲ.

ರಾತು ಮಾತು ಶುರುಮಾಡಿದರು. ಅವರು ಮಾತಾಡಿದ್ದು ಬೇರೆ ಯಾರ ಬಗ್ಗೆಯೂ ಅಲ್ಲ, ಲೊಸೇನಾಳ ಬಗ್ಗೆಯೇ. ಅವಳ ಅಜ್ಜನ ದೋಣಿಯಿಂದ ಹಿಡಿದರು.

ಪೇಟೆಯವನಾದ್ದರಿಂದ ಕುರ್ಚಿಯಲ್ಲೇ ಉಳಿದಿದ್ದ ರೊನೀಲ್ ಮೇಜಿನ ಕೆಳಗೆ ತಲೆ ಬಗ್ಗಿಸಿ ಪಿಸುಗುಟ್ಟಿದ: "ಏಯ್, ನಿನ್ನ ಟೈಮು ಓಡ್ತಾ ಇದೆ."

"ರಾತು ಮಾತಾಡ್ತಿದ್ದಾರೆ."

"ಅದು ಗಡಿಯಾರಕ್ಕೆ ಗೊತ್ತಿಲ್ವಲ್ಲೇ."

ತೀರ್ಪುಗಾರ ಪೇಟೆಯವನು. ಅವನ ರೂಲು ಪುಸ್ತಕದಲ್ಲಿ ರಾತುಗಳ ಬಗ್ಗೆ ಏನೂ ಬರೆದಿರಲಿಲ್ಲವಾದ್ದರಿಂದ ಸೂರು ನೋಡುತ್ತ ಕೂತ. "ಈ ಮಗು ನಮ್ಮ ಹೆಸರನ್ನ ಸಮುದ್ರದಾಚೆ ಒಯ್ತಾಳೆ," ಎಂದು ರಾತು ಮುಗಿಸುವಷ್ಟರಲ್ಲಿ ಅವಳ ಸಮಯ ಮುಗಿದು ಆಟ ರೊನೀಲನದಾಗಿತ್ತು. ಊರೆಲ್ಲ ರಾತುವಿನ ಮರ್ಯಾದೆಗೆ ಕೈ ಬೊಗಸೆ ಮಾಡಿ ಗಂಭೀರವಾಗಿ ಚಪ್ಪಾಳೆ ತಟ್ಟಿತು. ಲೊಸೇನಾಳೂ ತಟ್ಟಿದಳು.

ಇದೇ ಕಥೆ. ಫಿಲಿಪಾಗೆ ಇದು ಬಹಳ ಹಿಡಿಸಿತ್ತು, ಕೊನೆಯೊಂದನ್ನು ಬಿಟ್ಟು. ಸಿನಿಮಾದಲ್ಲಿ ರಾತು ಮಾತಾಡುತ್ತಿರುವಾಗ ಹುಡುಗಿ ಎದ್ದು ನಿಲ್ಲಬೇಕು, "ನನ್ನ ಸಮಯ ಹೋಗ್ತಾ ಇದೆ" ಅನ್ನಬೇಕು, ಆನೆ ನಡೆಸಬೇಕು. ಲೊಸೇನಾಳೇ ನಟಿಸಬೇಕು. ಸಿನಿಮಾದ ಹುಡುಗಿಯನ್ನು ಆಕ್ಲೆಂಡಿನ ಒಂದು ಚೆಸ್ ಶಾಲೆ ಕರೆಸಿಕೊಂಡು ಕಲಿಸಲು ಒಪ್ಪಿದೆ.

ಕಿರಿಯರ ತಂಡಕ್ಕೆ ಅವಳ ವಯಸ್ಸು ಮೀರುತ್ತ ಬಂದಿತ್ತು. ಇದು ತಪ್ಪಿದರೆ ಮುಂದಿನದು ಮೀನಿನ ಕಾರ್ಖಾನೆ, ಡಬ್ಬಿಗೆ ಮುಚ್ಚಳ. ಲೊಸೇನಾ ಒಪ್ಪಿದಳು.

ರಾತುವೂ ಒಪ್ಪಿದರು. ತಮ್ಮ ಪಾತ್ರ ತಾವೇ ಮಾಡುವುದಾಗಿ ಹೇಳಿ ಹೊಸ ಅಂಗಿ ಹೊಲಿಸಿಕೊಂಡರು. ತಮ್ಮ ಭಾಷಣ ಲೋಕವೆಲ್ಲ ಕೇಳುತ್ತದೆ ಎಂದು ಅವರು ತಿಳಿದಿದ್ದರು. ಅದು ಎಲ್ಲಿ ತುಂಡಾಗುತ್ತದೆಂದು ಅವರಿಗೆ ಬಿಡಿಸಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಏ ಹೀರೋಯಿನ್ನು," ಮಾವನ ಮಗ ಸಿರೇಲಿ ಲಾರಿಯಿಂದ ದೀಪಗಳನ್ನು ಇಳಿಸುತ್ತ ಕೂಗಿದ. "ಆಕ್ಲೆಂಡಲ್ಲಿ ಬಸ್ಸಲ್ಲೂ ನೆಲದ ಮೇಲೇ ಕೂರ್ತೀಯೇನೇ?"

"ನೀನು ಡ್ರೈವರಾದ್ರೆ ಆ ಬಸ್ಸು ಹೊರಡಲ್ಲ. ಕೂತೇನು ಮಾಡ್ಲಿ."

ಶೂಟಿಂಗ್ ದಿನ ಅದೇ ಊರಮನೆ, ಅದೇ ಮೇಜು. ರಾತು ಮಾತು ಶುರುಮಾಡಿದರು. ಫಿಲಿಪಾ ಕೈ ಬೀಸಿದಳು. ಲೊಸೇನಾ ನೆಲದಿಂದ ಏಳಲು ಹೊರಟಳು, ಮಂಡಿ ಏಳಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಮನಸ್ಸು ಆಕ್ಲೆಂಡಿನ ತನಕ ಹೋಗಿ ಬರುತ್ತಿತ್ತು, ಮಂಡಿ ಚಾಪೆ ಬಿಡುತ್ತಿರಲಿಲ್ಲ.

ಕೊನೆಗೆ ರಾತುವಿಗೇ ಕನಿಕರವಾಯಿತು. "ಎದ್ದೇಳು ಮಗು. ಸಿನಿಮಾ ತಾನೆ. ನನಗೇನೂ ಬೇಜಾರಿಲ್ಲ," ಅಂದರು.

ಅವರು ನೇರವಾಗಿ ತನ್ನನ್ನೇ ಮಾತಾಡಿಸಿದ್ದರಿಂದ ಲೊಸೇನಾ ಇನ್ನಷ್ಟು ಬಗ್ಗಿ ಬೊಗಸೆ ಚಪ್ಪಾಳೆ ತಟ್ಟಿದಳು.

"ಅವರೇ ಏಳು ಅಂತಿದ್ದಾರಲ್ಲ," ಫಿಲಿಪಾ ಅಂದಳು.

"ಅದಕ್ಕೇ ಆಗ್ತಿಲ್ಲ."

ರಾತುವನ್ನು ಚಹಾಕ್ಕೆ ಕಳಿಸಿ ಅವರ ಜಾಗದಲ್ಲಿ ಅವರ ಊರುಗೋಲನ್ನು ಇಟ್ಟು ನೋಡಿದರು. ಲೊಸೇನಾ ಅರ್ಧ ಎದ್ದಳು. ಬಾಗಿಲ ಬಳಿಯ ಮುದುಕಿಯರ ಗಂಟಲಿನಿಂದ ಒಂದು ಸದ್ದು ಬಂತು, ಮಗು ಬಾವಿಯ ಕಡೆ ಹೋದಾಗ ಬರುವಂಥದ್ದು. ಅವಳು ಕೂತಳು. ಊರುಗೋಲಿಗೂ ಒಮ್ಮೆ ಚಪ್ಪಾಳೆ ತಟ್ಟಿದಳು.

ಮರುವಾರ ಆಕ್ಲೆಂಡಿನಿಂದ ಒಬ್ಬ ನಟಿ ಬಂದಳು. ರಾತುವಿನ ಪಾತ್ರ ಮಾಡಲು ಸುವಾದಿಂದ ಒಬ್ಬ ನಟ ಬಂದ, ದಪ್ಪ ಹುಬ್ಬಿನವನು. ಆ ನಟಿಗೆ ಕುದುರೆ ಹೇಗೆ ನಡೆಯುತ್ತದೆಂದು ಗೊತ್ತಿರಲಿಲ್ಲ, ಆದರೆ ಎದ್ದು ನಿಲ್ಲುವುದು ಬರುತ್ತಿತ್ತು. ಮೊದಲನೇ ಸಲಕ್ಕೇ ನಿಂತಳು. ಲೊಸೇನಾಳ ಕೈಯನ್ನು ಮಾತ್ರ ಕ್ಯಾಮೆರಾದಲ್ಲಿ ಹಿಡಿದರು, ಆನೆಯನ್ನು ಮೂಲೆಗೆ ತರುವ ಕೈ. ಚೆಸ್ ಶಾಲೆಯ ಬಗ್ಗೆ ಕೇಳಿದಾಗ ಫಿಲಿಪಾ "ನೋಡೋಣ" ಅಂದಳು. ನಕೋವಿನಲ್ಲಿ "ನೋಡೋಣ" ಅಂದರೆ ನೋಡುವುದಿಲ್ಲ ಎಂದರ್ಥ. ಆಕ್ಲೆಂಡಿನಲ್ಲೂ ಹಾಗೇ ಎಂದು ಆಮೇಲೆ ತಿಳಿಯಿತು.

ವರ್ಷ ಕಳೆದು ಊರಮನೆಯಲ್ಲಿ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸಿದರು. ತಮ್ಮ ತೆಂಗು, ತಮ್ಮ ನಾಯಿಗಳನ್ನು ಕಂಡು ಜನ ನಕ್ಕರು. ಮೇಷ್ಟ್ರ ಪಾತ್ರದವನಿಗೆ ತಲೆತುಂಬ ಕೂದಲಿದ್ದದ್ದಕ್ಕೆ ಎರೋನಿ ಮೇಷ್ಟ್ರನ್ನೇ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಪರದೆಯ ಮೇಲೆ ಲೊಸೇನಾ ಎಂಬ ಹುಡುಗಿ ಎದ್ದು ನಿಂತಳು. ದಪ್ಪ ಹುಬ್ಬಿನ ರಾತುವಿನ ತಲೆಗಿಂತ ಎಷ್ಟೋ ಮೇಲೆ ಅವಳ ತಲೆ ಇತ್ತು. ಸಂಗೀತ ಜೋರಾಯಿತು. ಊರಮನೆಯಲ್ಲಿ ಕೂತವರೆಲ್ಲ ಇನ್ನಷ್ಟು ಬಗ್ಗಿದರು.

ಮುಗಿದ ಮೇಲೆ ಯಂಗೋನ ಬೇರಿನ ಪಾನಕದ ಬಟ್ಟಲು ಮುಂದೆ ಬಂದರೂ ಮುಟ್ಟದೆ ರಾತು ಮನೆಗೆ ಹೋದರು. ಕೋಪವೋ, ಸೊಂಟನೋವೋ, ಯಾರೂ ಕೇಳಲಿಲ್ಲ.

ಬೆಳಿಗ್ಗೆ ಲೊಸೇನಾಳ ಅಮ್ಮ ವಸಿಟಿ, ತನ್ನ ಪೆಟ್ಟಿಗೆಯ ತಳದಿಂದ ತಿಮಿಂಗಿಲದ ಹಲ್ಲನ್ನು ತೆಗೆದಳು. ತನ್ನ ಮದುವೆಯಲ್ಲಿ ಬಂದದ್ದು. ಅದನ್ನು ಮುಂದಿಟ್ಟು ಕ್ಷಮೆ ಕೇಳಿದರೆ ಎಂಥ ತಪ್ಪನ್ನೂ ಮನ್ನಿಸಬೇಕು, ಆಮೇಲೆ ಆ ಮಾತನ್ನು ಊರಲ್ಲಿ ಯಾರೂ ಎತ್ತಬಾರದು.

ಎರೋನಿ ಮೇಷ್ಟ್ರು ಓಡಿಬಂದರು. "ವಸಿಟಿ, ಇವಳು ಎದ್ದೇ ಇಲ್ವಲ್ಲಮ್ಮ. ಊರೇ ನೋಡಿದೆ. ಏಳದೇ ಇದ್ದದ್ದಕ್ಕೇ ಸೋತಳು."

"ಅವತ್ತು ನೋಡಿದ್ದು ಊರು, ಮೇಷ್ಟ್ರೇ. ಇದನ್ನ ನೋಡೋದು ಲೋಕ. ನಾಳೆ ಯಾರಾದ್ರೂ ಕೇಳಿದ್ರೆ ನಾನು ಮನೆಮನೆಗೆ ಹೋಗಿ ಹೇಳ್ಲಾ?"

"ಚೆಸ್ ಬೋರ್ಡ್ ಯಾಕೆ ತೆಗೀತಿದ್ದೀಯ?" ಮೇಷ್ಟ್ರು ಕೇಳಿದರು.

"ತಪ್ಪು ಮಾಡ್ಸಿದ್ದನ್ನ ಮನೇಲಿಟ್ಕೊಂಡು ಕ್ಷಮೆ ಕೇಳೋಕಾಗುತ್ತಾ?"

"ಅದು ನನ್ನ ಬೋರ್ಡು. ಇನ್ನೂ ಮಕ್ಕಳಿಗೆ ಕಲಿಸೋದಿದೆ."

ವಸಿಟಿ ಕಾಯಿಗಳನ್ನೂ ಗಡಿಯಾರವನ್ನೂ ಬೋರ್ಡಿನ ಜೊತೆಗಿಟ್ಟಳು. ಮೇಷ್ಟ್ರು ಲೊಸೇನಾಳ ಕಡೆ ನೋಡಿದರು. ನಾನು ಎದ್ದಿಲ್ಲ ಅಂತ ಅವಳೊಂದು ಮಾತು ಹೇಳಬಹುದಿತ್ತು. ಆದರೆ ಅದನ್ನು ಹೇಳಬೇಕಾದದ್ದು ರಾತುವಿನ ಎದುರು, ಅವರ ಮಾತಿನ ನಡುವೆ.

ರಾತುವಿನ ಮನೆಯಲ್ಲಿ ಲೊಸೇನಾಳ ಮಾವ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಈ ಹುಡುಗಿ ತಮ್ಮೆದುರು ಎದ್ದು ನಿಂತದ್ದನ್ನು ಮನ್ನಿಸಬೇಕು ಎಂದು ಬೇಡಿದ. ಸಿರೇಲಿ ಬೋರ್ಡನ್ನೂ ಕಾಯಿಗಳನ್ನೂ ಗಡಿಯಾರವನ್ನೂ ಚಾಪೆಯ ಮೇಲಿಟ್ಟ. ಇಡುವಾಗ ಅವನ ಹೆಬ್ಬೆರಳು ಗಡಿಯಾರದ ಗುಂಡಿಗೆ ತಗುಲಿತೇನೋ.

ರಾತು ಹಲ್ಲನ್ನು ಮುಟ್ಟಿದರು. ತಪ್ಪು ಅಲ್ಲಿಗೆ ಮುಗಿಯಿತು, ಆಟವೂ. ಒಳ್ಳೆಯ ಮನುಷ್ಯ, ಸುಮ್ಮನೆ ಕಳಿಸಲು ಅವರಿಗೆ ಮನಸ್ಸಾಗಲಿಲ್ಲ. ಲೊಸೇನಾಳ ಬಗ್ಗೆ ನಾಲ್ಕು ಮಾತಾಡತೊಡಗಿದರು. ಅವಳ ಅಜ್ಜನ ದೋಣಿಯಿಂದ ಹಿಡಿದರು.

ಬಾಗಿಲ ಬಳಿ, ಅಮ್ಮನ ಬೆನ್ನ ಹಿಂದೆ, ಲೊಸೇನಾ ತಲೆ ತಗ್ಗಿಸಿ ಕೂತಿದ್ದಳು. ಅಲ್ಲಿಂದ ಬೋರ್ಡು ಕಾಣುತ್ತಿರಲಿಲ್ಲ. ಗಡಿಯಾರ ಓಡುತ್ತಿರುವುದು ಮಾತ್ರ ಕೇಳಿಸುತ್ತಿತ್ತು. ನಿಲ್ಲಿಸಬೇಕೆಂದರೆ ಯಾರಾದರೂ ಏಳಬೇಕಿತ್ತು.