ಸೊಂಟದ ಮೂರು ಹೊಲಿಗೆ

ನಾನು ಟೈಲರ್. ಯಾರನ್ನೇ ಆಗಲಿ ಒಮ್ಮೆ ನೋಡಿದರೆ ಸಾಕು, ಸೊಂಟದ ಅಳತೆ ಹೇಳಿಬಿಡುತ್ತೇನೆ. ಅರ್ಧ ಇಂಚು ಆಚೀಚೆ ಆಗುವುದಿಲ್ಲ. ಆ ಜಂಬವೇ ನನ್ನ ಕಣ್ಣು ಕಟ್ಟಿತು.

ಹದಿನೈದು ವರ್ಷದ ಮಗಳ ಸ್ಕೂಲ್ ಸ್ಕರ್ಟ್ ಸಡಿಲವಾಯಿತು. ಒಂದಿಂಚು ಹಿಡಿದು ಹೊಲಿದೆ. ತಿಂಗಳಲ್ಲೇ ಮತ್ತೆ ಸಡಿಲ, ಮತ್ತೆ ಹಿಡಿದೆ. ಮೂರನೇ ಸಲ ಅವಳು ಮೆಷಿನ್ ಪಕ್ಕದಲ್ಲೇ ನಿಂತಿದ್ದಳು. ಯಾಕೆ ಸೊರಗುತ್ತಿದ್ದೀಯ ಎಂದು ಕೇಳಬೇಕಾದವಳು, "ಬೆನ್ನು ನೆಟ್ಟಗಿಡೇ, ಅಳತೆ ಕೆಡುತ್ತೆ" ಎಂದು ಗದರಿದೆ. ಅದಾದ ಮೇಲೆ ಒಂದು ಬೆಳಿಗ್ಗೆ ಅವಳು ಹಾಸಿಗೆ ಬಿಟ್ಟು ಏಳಲೇ ಇಲ್ಲ.

ಡಾಕ್ಟರಮ್ಮ ಇದು ಖಿನ್ನತೆ ಎಂದರು. ಒಂದು ನೋಟ್‌ಬುಕ್ ಕೊಟ್ಟು, ಮನಸ್ಸಿಗೆ ಬಂದ ಯೋಚನೆಯನ್ನು ಎಡಗಡೆಗೆ, ಅದು ಸುಳ್ಳು ಎನ್ನುವುದಕ್ಕೆ ಸಾಕ್ಷಿಯನ್ನು ಬಲಗಡೆಗೆ ಬರೆಯಲು ಹೇಳಿದರು. ಮಗಳು ಒಂದೇ ಯೋಚನೆ ಬರೆದು, ಪುಸ್ತಕವನ್ನು ತೆರೆದೇ ನನ್ನ ಮೆಷಿನ್ ಮೇಲಿಟ್ಟು ಹೋಗಿ ಮಲಗಿದಳು.

'ನಾನು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅಮ್ಮನಿಗೆ ಗೊತ್ತೂ ಆಗಲ್ಲ.'

ಬಲಗಡೆ ಖಾಲಿ.

ಮಗಳು ಸ್ಕೂಲಿಗೂ ಹೋಗಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಹೀಗೇ ಐದು ವಾರವಾದ ಮೇಲೆ ಹೆಡ್‌ಮೇಡಂ ಇಬ್ಬರನ್ನೂ ಕರೆಸಿದರು. ಹೊರಡುವಾಗ ಸ್ಕರ್ಟನ್ನು ಮೊಳೆಯಿಂದ ಎಳೆದು ಚೀಲಕ್ಕೆ ತುರುಕಿದೆ.

ಹೆಡ್‌ಮೇಡಂ ಒಂದು ಕಾಗದ ಮುಂದೆ ತಳ್ಳಿದರು. "ಸಹಿ ಹಾಕಿ, ಟಿ.ಸಿ. ತಗೊಂಡ್ಹೋಗಿ. ಖಿನ್ನತೆ ಗಿನ್ನತೆ ಎಲ್ಲಾ ಓದೋಕೆ ಆಗದವರ ನೆಪ. ಹೆತ್ತವರಿಗೆ ಹೆಗ್ಗಣ ಮುದ್ದು, ಇನ್ನೇನು!"

"ಹೆಗ್ಗಣಾನೇ ಇರ್ಲಿ ಮೇಡಂ, ನನ್ನ ಹೆಗ್ಗಣ. ಸಹಿ ಹಾಕಲ್ಲ."

ಚೀಲದಿಂದ ಸ್ಕರ್ಟ್ ತೆಗೆದು, ಒಳಮೈ ಹೊರಗೆ ಮಾಡಿ ಆ ಕಾಗದದ ಮೇಲೇ ಹರಡಿದೆ. "ಎಣಿಸಿ. ಮೂರು ಹೊಲಿಗೆ. ನೆಪ ಹೇಳೋಕೆ ಯಾರಾದ್ರೂ ಹೀಗೆ ಸೊರಗ್ತಾರಾ? ನಿಮ್ಮ ಟೀಚರುಗಳು ಯಾರೂ ನೋಡ್ಲಿಲ್ಲ. ನಾನು ನೋಡ್ದೆ, ಹಿಡಿದು ಹೊಲಿದೆ, ಬಾಯಿ ಮುಚ್ಕೊಂಡು ಕೂತೆ. ನಾನು ನಿಮಗಿಂತ ದೊಡ್ಡ ತಪ್ಪು ಮಾಡಿದೀನಿ."

ಮಗಳು ಬಗ್ಗಿ ಹೊಲಿಗೆಗಳ ಮೇಲೆ ಬೆರಳಾಡಿಸಿದಳು.

"ಮೂರು ಸಲಾನೂ ನಿಂಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಮತ್ತೆ ಯಾಕಮ್ಮ ಕೇಳ್ಲಿಲ್ಲ?"

"ಇದನ್ನೆಲ್ಲ ಮನೇಲಿ ಮಾತಾಡ್ಕೊಳ್ಳಿ" ಎನ್ನುತ್ತಾ ಹೆಡ್‌ಮೇಡಂ ಎದ್ದರು. "ನಂಗೆ ಬೇರೆ ಕೆಲಸ ಇದೆ."

"ಸ್ವಲ್ಪ ಸುಮ್ನಿರಿ ಮೇಡಂ!" ನನ್ನ ದನಿ ಕಾರಿಡಾರಿಗೂ ಕೇಳಿಸಿರಬೇಕು, ಕೇಳಿಸಲಿ. "ಐದು ವಾರ ಆದ್ಮೇಲೆ ನನ್ನ ಮಗಳು ಬಾಯಿ ಬಿಟ್ಟಿದಾಳೆ."

ಕುರ್ಚಿ ಎಳೆದು ಅವಳ ಎದುರಿಗೆ ಕೂತೆ.

"ಹೆದರಿಕೆ ಕಣೇ. ಕೇಳಿದ್ರೆ ಏನು ಹೇಳ್ತೀಯೋ ಅಂತ ಹೆದರಿಕೆ. ಹೊಲಿಯೋದು ಸುಲಭ ಇತ್ತು, ಹೊಲಿದೆ. ತಪ್ಪಾಯ್ತು. ಈಗ ಕೇಳ್ತಿದೀನಿ, ಏನಾಗ್ತಿದೆ ನಿಂಗೆ?"

ಮಗಳು ಸ್ಕರ್ಟಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೇಳತೊಡಗಿದಳು. ಹೊರಗೆ ಬೆಲ್ ಹೊಡೆಯಿತು. ಹೆಡ್‌ಮೇಡಂ ಬಾಗಿಲು ತೆರೆದು ಹಿಡಿದು ನಿಂತೇ ಇದ್ದರು. ನಾನು ಏಳಲಿಲ್ಲ.