ಬಿಸಿ ಕಪಾಟಿನ ಸ್ವೆಟರ್

ಡಿಂಪ್ನಳಿಗೆ ನೆಪಗಳು ಮುಗಿಯುತ್ತಿರಲಿಲ್ಲ. ಮನೆ ಕಾಯಿಸುವ ಹಿತ್ತಲಿನ ಸೀಮೆಎಣ್ಣೆ ಬಾಯ್ಲರ್ ಕಿತ್ತು ಕರೆಂಟಿನ ಹೀಟ್ ಪಂಪ್ ಹಾಕಿಸೋಣವೆಂದು ಮಗಳು ಗ್ರಾನ್ಯ ಬಾಯಿ ಬಿಟ್ಟಂದಿನಿಂದ ಶುರುವಾಗಿತ್ತು. ಮೊದಲು, ಪಂಪಿನ ಸದ್ದಿಗೆ ಕೋಳಿಗಳು ಮೊಟ್ಟೆ ಇಡುವುದಿಲ್ಲ ಎಂದಳು. ಆಮೇಲೆ, ತಮ್ಮ ರಾಸ್ಕಾಮನ್ ಸೀಮೆಯ ಹಿಮಕ್ಕೆ ಅದು ಬಾಳುವುದಿಲ್ಲ ಎಂದಳು.

"ಕುಣೀಲಾರದೋಳಿಗೆ ನೆಲ ಡೊಂಕು," ಅಂದಳು ಗ್ರಾನ್ಯ. "ಬಾಯ್ಲರ್ ತುಕ್ಕು ಹಿಡಿದು ಹೊಗೆ ಕಾರ್ತಿದೆ. ಅದರ ಮೇಲೇನಮ್ಮ ನಿಂಗೆ ಅಷ್ಟು ಪ್ರೀತಿ?"

"ಪ್ರೀತಿಯಂತೆ ಪ್ರೀತಿ! ನಂಗೆ ಹಳೇದೇ ಸಾಕು, ಅಷ್ಟೇ."

ನಿಜ ಹೇಳಲು ಅವಳಿಗೆ ನಾಚಿಕೆ. ಬಾಯ್ಲರ್ ಹಾಳಾಗಿ ಹೋಗಲಿ, ಅವಳಿಗೆ ಬೇಕಾಗಿದ್ದು ಮಹಡಿಯ ಬಿಸಿ ಕಪಾಟು. ಅದರೊಳಗೆ ಬಾಯ್ಲರ್‌ನಿಂದ ಕಾಯುವ ತಾಮ್ರದ ಹಂಡೆ, ಹಂಡೆಯ ಮೇಲೆ ಹಲಗೆಗಳು, ಹಲಗೆಗಳ ಮೇಲೆ ಟವೆಲ್ಲು, ದುಪ್ಪಟಿ, ಒಳಬಟ್ಟೆ. ಆ ಕಪಾಟಿನಲ್ಲಿ ಬೆಚ್ಚಗಾಗದ ಬಟ್ಟೆಯನ್ನು ಒಣಗಿದ ಬಟ್ಟೆಯೆಂದೇ ಒಪ್ಪದ ಜನ ಇವರು. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಟವೆಲ್ಲುಗಳ ಹಿಂದೆ, ಕೋಲ್ಮನ್ನನ ನೀಲಿ ಸ್ವೆಟರ್ ಇತ್ತು. ಗಂಡ ಹೋಗಿ ಎರಡು ಚಳಿಗಾಲವಾಗಿತ್ತು. ಸ್ವೆಟರಿನಲ್ಲಿ ಅವನ ವಾಸನೆ ಎಂದೋ ಹೋಗಿತ್ತು, ಬಿಸಿ ಮಾತ್ರ ಹೋಗಿರಲಿಲ್ಲ. ದಿನಾ ಸಂಜೆ ಟವೆಲ್ ತರುವ ನೆವದಲ್ಲಿ ಡಿಂಪ್ನ ಅದರಲ್ಲಿ ಮುಖ ಹುದುಗಿಸುತ್ತಿದ್ದಳು. ಈಗಷ್ಟೇ ಬಿಚ್ಚಿಟ್ಟು ಸ್ನಾನಕ್ಕೆ ಹೋಗಿದ್ದಾನೆ, ಇನ್ನೇನು ಬರುತ್ತಾನೆ ಎನ್ನಿಸುತ್ತಿತ್ತು. ಅಷ್ಟು ಹೊತ್ತು ಅವಳು ವಿಧವೆಯಲ್ಲ.

ಕೊನೆಗೆ ಬಾಯ್ಲರ್ ತಾನೇ ಕೈ ಎತ್ತಿತು. ಪ್ಲಂಬರ್ ಮ್ಯಾಲಕಿ ಬಂದು ಹಿತ್ತಲಲ್ಲಿ ಹೀಟ್ ಪಂಪ್ ಕೂರಿಸಿ, ಕಪಾಟಿನ ತಾಮ್ರದ ಹಂಡೆಯನ್ನು ಹೊತ್ತೊಯ್ದು, ಆ ಜಾಗದಲ್ಲಿ ದಪ್ಪ ಹೊದಿಕೆಯ ಬಿಳಿ ಹಂಡೆ ನಿಲ್ಲಿಸಿದ.

"ಒಳಗೆ ಕುದಿಯೋ ನೀರಿದ್ರೂ ಹೊರಗೆ ಗೊತ್ತಾಗಲ್ಲ, ಡಿಂಪ್ನಕ್ಕ. ಒಂಚೂರೂ ಬಿಸಿ ಆಚೆ ಬರಲ್ಲ."

"ಒಂಚೂರೂ?"

"ಒಂಚೂರೂ!" ಎಂದ ಅವನು, ಮಹಾ ಸಂತೋಷದ ಸುದ್ದಿ ಹೇಳುವವನ ಹಾಗೆ.

ಅಂದು ಸಂಜೆ ಮನೆಯೆಲ್ಲ ಹದವಾಗಿ ಬೆಚ್ಚಗಿತ್ತು, ಕಪಾಟಿನ ಸ್ವೆಟರ್ ಮಾತ್ರ ತಣ್ಣಗಿತ್ತು. ಡಿಂಪ್ನ ಅದನ್ನು ಮುಟ್ಟಿ ಬಾಗಿಲು ಮುಚ್ಚಿದಳು. ಆ ವಾರವೆಲ್ಲ ಮತ್ತೆ ತೆರೆಯಲಿಲ್ಲ.

ಭಾನುವಾರ ಚರ್ಚಿಗೆ ಹೊರಡುವಾಗ ಅವಳು ಪಂಪ್ ಆರಿಸಿದಳು. ಬಾಯ್ಲರ್ ಉರಿಯಲು ಬಿಟ್ಟು ಮನೆ ಬಿಡುವುದು ಪೂಜೆ ತಪ್ಪಿಸುವುದಕ್ಕಿಂತ ದೊಡ್ಡ ಪಾಪವೆಂದು ಕಲಿತು ಬೆಳೆದವಳು. ಇದು ಹಗಲಿರುಳು ಸಣ್ಣಗೆ ಓಡುತ್ತಲೇ ಇರಬೇಕು ಎಂದು ಮ್ಯಾಲಕಿ ಬಡಕೊಂಡಿದ್ದ, ಕೇಳಿದವರಾರು? ಪೂಜೆ ಮುಗಿದ ಮೇಲೆ ತಂಗಿಯ ಮನೆಯಲ್ಲಿ ಊಟ, ಹರಟೆ. ಕತ್ತಲಾಗುವಾಗ ಬಂದರೆ ಮನೆಯೊಳಗೆ ಚಳಿ ಕೊರೆಯುತ್ತಿತ್ತು. ಬೆಚ್ಚಗಿನದೇನಾದರೂ ಬೇಕಾಗಿ, ಹಳೆಯ ರೂಢಿಯಲ್ಲಿ ಕಪಾಟು ತೆರೆದಳು. ಎಲ್ಲವೂ ತಣ್ಣಗಿದ್ದವು. ಕೈಗೆ ನೀಲಿ ಸ್ವೆಟರ್ ಸಿಕ್ಕಿತು.

ಅದನ್ನು ಅವಳು ಎಂದೂ ತೊಟ್ಟಿರಲಿಲ್ಲ. ತೊಟ್ಟರೆ ಅವನದಾಗಿ ಉಳಿಯುವುದಿಲ್ಲವೆಂಬ ಭಯ. ಇನ್ನೇನು ಉಳಿದಿದೆ ಎಂದುಕೊಂಡು ತೊಟ್ಟು, ಅಡುಗೆಮನೆಯಲ್ಲಿ ಚಹಾ ಹಿಡಿದು ಕೂತಳು. ತೋಳುಗಳು ಬೆರಳು ದಾಟಿ ಇಳಿದಿದ್ದವು. ಅಯ್ಯೋ, ಎಷ್ಟು ಉದ್ದದ ತೋಳು ಇದ್ದವು ಅವನಿಗೆ. ಡಿಂಪ್ನ ಜೋರಾಗಿ ಅತ್ತಳು.

ಗ್ರಾನ್ಯ ನಡುಗುತ್ತಲೇ ಒಳಗೆ ಬಂದಳು. "ಮತ್ತೆ ಆರಿಸಿದೀಯಾ? ಎಷ್ಟು ಸಲ ಹೇಳೋದಮ್ಮ..." ಅಷ್ಟರಲ್ಲಿ ಸ್ವೆಟರ್ ಕಂಡಿತು. "ಅಪ್ಪಂದಲ್ವಾ? ಎಲ್ಲಿತ್ತು ಇದು?"

"ಬಿಸಿ ಕಪಾಟಲ್ಲಿ. ಅವನ ಹಾಗೇ ಬೆಚ್ಚಗಿರ್ತಿತ್ತು ಕಣೇ. ಈಗ ಅಲ್ಲಿ ಆರೋಗ್ತದೆ."

ಗ್ರಾನ್ಯ ಕುರ್ಚಿ ಎಳೆದು ಕೂತಳು. "ಮೊದಲೇ ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನಿಮ್ಮಪ್ಪ ಹಂಡೆ ಮೇಲಿದಾನೆ ಅಂತಲಾ?"

ಇಬ್ಬರಿಗೂ ನಗು ಬಂತು. ನಗುತ್ತಲೇ ಗ್ರಾನ್ಯಳ ಹಲ್ಲು ಕಟಕಟ ಎನ್ನುತ್ತಿತ್ತು. ಡಿಂಪ್ನ ಎದ್ದು, ಸ್ವೆಟರನ್ನು ತಲೆಯ ಮೇಲಿಂದ ಎಳೆದು ಅವಳ ಮಡಿಲಿಗೆ ಹಾಕಿದಳು.

"ಬೇಗ ಹಾಕ್ಕೋ, ಆರೋದ್ರೊಳಗೆ."

ಗ್ರಾನ್ಯ ತಲೆ ತೂರಿಸಿದಳು. ಕೊರಳಿನಿಂದ ಮುಖ ಆಚೆ ಬರಲಿಲ್ಲ. ನೀಲಿ ಉಣ್ಣೆಯೊಳಗೆ ಹಾಗೇ ಕೂತುಬಿಟ್ಟಳು.

"ಅಮ್ಮಾ," ಒಳಗಿಂದ ದನಿ ಬಂತು. "ಅಪ್ಪ ಈಗಷ್ಟೇ ಬಿಚ್ಚಿಕೊಟ್ಟ ಹಾಗಿದೆ."

"ಹೌದು ಮಗಳೇ," ಎಂದಳು ಡಿಂಪ್ನ. ಆಮೇಲೆ ಹೋಗಿ ಪಂಪ್ ಹಾಕಿದಳು.