ಅತ್ತೆ ಇಸ್ತ್ರಿ ಹಾಕಿದ ಲೆನ್ಸು

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೂ ನಾಳೆಯೇ ನನ್ನ ಕನ್ನಡಕ ಮೂಗಿನಿಂದ ಜಾರಿ ಬೀಳಲಿ, ಹುಡುಕಲು ಹೋಗಿ ಅದರ ಮೇಲೆ ನಾನೇ ಕಾಲಿಡಲಿ.

ಬೀದಿ ತಿರುವಿನಲ್ಲಿ ಒಬ್ಬ ಅತ್ತೆಯ ಇಸ್ತ್ರಿ ಅಂಗಡಿ ಇತ್ತು. ಅವಳ ಕನ್ನಡಕದ ಗಾಜು ಎಷ್ಟು ದಪ್ಪವೆಂದರೆ, ಅಂಗಡಿಯ ನೊಣಗಳು ಅದರ ಅಂಚಿನ ಮೇಲೆ ಸಂಸಾರ ಸಮೇತ ಗಾಳಿ ಸೇವನೆಗೆ ಹೋಗುತ್ತಿದ್ದವು. ಎದುರಿನಿಂದ ನೋಡಿದವರಿಗೆ ಅವಳ ಕಣ್ಣು ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು.

ಒದ್ದೆ ಬಟ್ಟೆಯಿಂದ ಹಬೆ ಎದ್ದರೆ ಆ ಗಾಜು ಮಬ್ಬಾಗುತ್ತಿತ್ತು. ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆಯ ಕೆಳಗಿನ ಬಟ್ಟೆ ಕರಕಲು. ಒಂದೇ ವಾರದಲ್ಲಿ ವಕೀಲರ ಕಾಲರು ಹೋಯಿತು, ಮೇಷ್ಟ್ರ ತೋಳು ಹೋಯಿತು. ಮೂರನೆಯದು ಅವಳ ಗಂಡನ ಪ್ಯಾಂಟು. ಕೂರುವ ಜಾಗದಲ್ಲಿ ಇಸ್ತ್ರಿ ಪೆಟ್ಟಿಗೆಯ ಅಚ್ಚು ಮೂಡಿತ್ತು. ಮಾವ ಅದನ್ನೇ ತೊಟ್ಟು ಊರೆಲ್ಲ ಸುತ್ತಿದ, ಅಂಗಡಿಗೆ ಜಾಹೀರಾತು ಎಂದು.

ಅತ್ತೆಯ ಅಣ್ಣನ ಮಗಳು ಆಪ್ಟೋಮೆಟ್ರಿ ಓದುತ್ತಿದ್ದಳು. ದೃಷ್ಟಿ ಅಳೆದು ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ಕೊಡುವ ಓದು ಅದು. ಓದಿನಲ್ಲಿ ಚುರುಕು. ಆದರೆ ಯಾರದಾದರೂ ಕಣ್ಣಿನ ಹತ್ತಿರ ಬೆರಳು ಹೋದರೆ ಸಾಕು, ಕೈ ಅದುರುತ್ತಿತ್ತು. ಹಾಗಾಗಿ ಗೆಳತಿಯರು ಇಟ್ಟ ಹೆಸರು ಗಡಗಡ.

ಆ ವರ್ಷ ಪಾಸಾಗಬೇಕಾದರೆ ಪ್ರತಿ ವಿದ್ಯಾರ್ಥಿಯೂ ಕಲಿಸುವ ಮೇಡಂ ಎದುರು ಒಬ್ಬ ಹೊಸಬರಿಗೆ ಲೆನ್ಸ್ ಹಾಕಿ, ಮರುದಿನ ಒಮ್ಮೆ, ವಾರ ಕಳೆದು ಒಮ್ಮೆ, ತಿಂಗಳು ಕಳೆದು ಒಮ್ಮೆ ಅವರ ಕಣ್ಣು ನೋಡಿ ವರದಿ ಬರೆಯಬೇಕಿತ್ತು. ಗಡಗಡಳ ಕುರ್ಚಿಯಲ್ಲಿ ಕೂರುವವರೇ ಇಲ್ಲ. ಕೂತಿದ್ದ ಒಬ್ಬನೇ ಒಬ್ಬ, ಅವಳ ಕೈ ನೋಡಿ, ಬಚ್ಚಲಿಗೆ ಹೋಗಿ ಬರುತ್ತೇನೆಂದು ಎದ್ದವನು ಅಲ್ಲಿನ ಕಿಟಕಿಯಿಂದ ಹಾರಿ ಮನೆ ಸೇರಿದ್ದ. ಕೊನೆಗೆ ಅವಳು ಇಸ್ತ್ರಿ ಅಂಗಡಿಗೆ ಬಂದಳು.

"ಅತ್ತೆ, ನಿನ್ನ ಕಣ್ಣು ನಂಗೆ ಬೇಕು."

"ನಾನಿನ್ನೂ ಸತ್ತಿಲ್ಲ ಕಣೇ. ಸತ್ಮೇಲೆ ಬಾ, ಎರಡೂ ತಗೊಂಡ್ಹೋಗು."

"ಅಯ್ಯೋ, ಲೆನ್ಸ್ ಹಾಕೋಕೆ ಅತ್ತೆ! ಹಬೆ ಬಂದ್ರೂ ಮಬ್ಬಾಗಲ್ಲ."

ಮಾವ ಬಾಯಿ ಹಾಕಿದ. "ಇವಳು ದಿನಾ ಕೆಂಡದ ಮುಂದೆ ನಿಲ್ಲೋಳು. ಕಣ್ಣಲ್ಲೇ ಕರಗಿಹೋದ್ರೆ?"

"ಕಣ್ಣು ಯಾವಾಗ್ಲೂ ಒದ್ದೆ ಇರುತ್ತೆ ಮಾವ. ಲೆನ್ಸ್ ಕರಗೋವಷ್ಟು ಬಿಸಿ ಆದ್ರೆ ಮೊದ್ಲು ಅತ್ತೇನೇ ಕರಗಿರ್ತಾಳೆ."

"ಜಾರಿ ಹಿಂದಕ್ಕೆ ಹೋಗಿ ಮಿದುಳಿಗೆ ಅಂಟ್ಕೊಂಡ್ರೆ?" ಎಂದಳು ಅತ್ತೆ.

"ಅಂಟ್ಕೊಳ್ಳೋಕೆ ಅಲ್ಲಿ ಏನಾದ್ರೂ ಇರಬೇಕಲ್ಲ," ಎಂದ ಮಾವ. ಅತ್ತೆ ಇಸ್ತ್ರಿ ಪೆಟ್ಟಿಗೆ ಎತ್ತಿದಳು. ಮಾವ ಎರಡು ಹೆಜ್ಜೆ ಹಿಂದೆ ಸರಿದ.

ಗಡಗಡ ಅಲ್ಲಿದ್ದ ಅಂಗಿಯ ಜೇಬಿಗೆ ಕೈ ಹಾಕಿ ತೋರಿಸಿದಳು. "ನೋಡತ್ತೆ, ರೆಪ್ಪೆ ಒಳಗಿನ ಪೊರೆ ಹೀಗೇ ತಿರುಗಿ ಬಂದು ಕಣ್ಣಿಗೇ ಸೇರ್ಕೊಂಡಿದೆ. ತಳ ಹೊಲಿದಿರೋ ಜೇಬು. ಒಳಗೆ ಹಾಕಿದ್ದು ಎಲ್ಲಿಗೂ ಹೋಗಲ್ಲ."

ಜೇಬಿನ ಮಾತು ಅತ್ತೆಗೆ ನಾಟಿತು. ಮರುದಿನ ಮೂವರೂ ಕಣ್ಣಿನ ಆಸ್ಪತ್ರೆಗೆ ಹೋದರು.

ಅಂಗಿ ಹೊಲಿಯುವವರು ಕತ್ತಿನ ಸುತ್ತಳತೆ ತೆಗೆಯುವಂತೆ, ಗಡಗಡ ಮೊದಲು ಕಣ್ಣಿನ ಉಬ್ಬು ಅಳೆದಳು. ಲೆನ್ಸ್ ಬೆರಳ ತುದಿಗೆ ಬಂತು. ಬೆರಳು ಅದುರಿತು. ಪಕ್ಕದಲ್ಲಿದ್ದ ಮೇಡಂ ಮೆಲ್ಲಗೆ, "ಉಳಿದ ಬೆರಳನ್ನ ಅವರ ಕೆನ್ನೆ ಮೇಲೆ ಊರು. ಆಸರೆ ಸಿಕ್ರೆ ಕೈ ನಿಲ್ಲುತ್ತೆ," ಎಂದರು. ಊರಿದಳು. ಕೈ ನಿಂತಿತು, ಎರಡೂ ಕಣ್ಣಿಗೆ ಲೆನ್ಸ್ ಕೂತಿತು. ಸ್ವಲ್ಪ ಹೊತ್ತು ಬಿಟ್ಟು ದೀಪದ ಯಂತ್ರದಲ್ಲಿ ನೋಡಿದಳು. ರೆಪ್ಪೆ ಬಡಿದಾಗ ಲೆನ್ಸ್ ಬೇಕಾದಷ್ಟೇ ಅಲುಗುತ್ತಿತ್ತು.

ಅತ್ತೆ ಕತ್ತೆತ್ತಿ ಸುತ್ತ ನೋಡಿದಳು. "ಗೋಡೆ ಮೇಲೆ ಹಲ್ಲಿ! ಪಾಪ, ಅದಕ್ಕೆ ಬಾಲ ಇಲ್ಲ!" ಆಮೇಲೆ ಗಂಡನ ಕಡೆ ತಿರುಗಿದಳು. "ಇವರಿಗೆ ಇಷ್ಟು ವಯಸ್ಸಾಗಿದೆ ಅಂತ ಯಾರೂ ನಂಗೆ ಹೇಳ್ಲೇ ಇಲ್ವಲ್ಲ!"

ಗಡಗಡಳಿಗೆ ಖುಷಿಯೋ ಖುಷಿ. ಅತ್ತೆಯ ಕೈಯಲ್ಲಿ ಎರಡು ಸಲ ಹಾಕಿಸಿ ತೆಗೆಸಿದಳು. ಆದರೆ ಕಾಪಾಡಿಕೊಳ್ಳುವ ನಿಯಮವನ್ನು ಮಾತ್ರ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟಳು. "ಕೈ ತೊಳಿ, ನೀರು ತಾಗಿಸ್ಬೇಡ, ಎಂಜಲು ಬೇಡ, ಹಾಕ್ಕೊಂಡು ಮಲಗ್ಬೇಡ, ಕೆಂಪಾದ್ರೆ ತೆಗ್ದು ಓಡಿ ಬಾ. ಅರ್ಥ ಆಯ್ತಾ?"

ಅತ್ತೆಯ ಗಮನವೆಲ್ಲ ಹಲ್ಲಿಯ ಮೇಲೆ. ತಲೆಯಾಡಿಸಿದಳು. ಗಡಗಡ ಕಾಗದದಲ್ಲಿ "ತಿಳಿಸಲಾಗಿದೆ, ತಿಳಿದಿದೆ" ಎಂಬಲ್ಲಿ ಗುರುತು ಹಾಕಿದಳು.

ಮರುದಿನ ಅತ್ತೆ ಬಂದಳು, ಎಲ್ಲ ಸರಿಯಿತ್ತು. ವಾರದ ದಿನ ಬರಲಿಲ್ಲ. ಗಡಗಡ ದಾರಿ ಕಾದು ಸಾಕಾಗಿ ಅಂಗಡಿಗೇ ಓಡಿದಳು. ಅತ್ತೆ ಒಂದು ಕಣ್ಣು ಮುಚ್ಚಿಕೊಂಡು ಇಸ್ತ್ರಿ ಹಾಕುತ್ತಿದ್ದಳು.

"ಏನತ್ತೆ, ಯಾರಿಗೆ ಕಣ್ಣು ಹೊಡೀತಿದ್ದೀಯ?"

"ಧೂಳು ಕಣೇ."

"ಧೂಳೂ ಅಲ್ಲ, ಮಣ್ಣೂ ಅಲ್ಲ," ಎಂದು ಮಾವ ಗುಟ್ಟು ಒಡೆದ. "ಒಂದು ಲೆನ್ಸು ಮೇಜಿನ ಮೇಲೆ ಬಿದ್ದು ಒಣಗಿ ಮುದುಡಿಹೋಯ್ತು. ಇವಳು ಬಾಯಲ್ಲಿ ನೀರು ತುಂಬ್ಕೊಂಡು ಅದರ ಮೇಲೆ ಚಿಮುಕಿಸಿ, ಮೇಲೊಂದು ತೆಳು ಬಟ್ಟೆ ಹಾಸಿ, ಇಸ್ತ್ರಿ ಹಾಕಿದ್ಲು!"

"ಜೋರು ಬಿಸಿ ಇರ್ಲಿಲ್ಲಪ್ಪ. ರೇಷ್ಮೆಗೆ ಕೊಡೋ ಬಿಸಿ ಅಷ್ಟೇ," ಎಂದಳು ಅತ್ತೆ. "ಸುಕ್ಕೆಲ್ಲ ಹೋಯ್ತು ಕಣೇ, ಆದ್ರೆ ಬಟ್ಟೆ ಬಿಟ್ಟು ಬರ್ತಿಲ್ಲ," ಎಂದು ಬಟ್ಟೆ ಬಿಚ್ಚಿ ತೋರಿಸಿದಳು. ಲೆನ್ಸು ಮೀನಿನ ಹುರುಪೆಯಂತೆ ಬಟ್ಟೆಗೆ ಹತ್ತಿಕೊಂಡಿತ್ತು.

ಗಡಗಡ ನಗುತ್ತಿದ್ದಳೇನೋ. ಆದರೆ ಅಷ್ಟರಲ್ಲಿ ಅತ್ತೆಯ ಮುಚ್ಚಿದ ಕಣ್ಣು ಅರ್ಧ ತೆರೆಯಿತು. ಕೆಂಡದಂತೆ ಕೆಂಪು.

"ಇನ್ನೊಂದು ಲೆನ್ಸು ಒಳಗೇ ಇದ್ಯಾ?"

"ಎರಡು ದಿನದಿಂದ ತೆಗೆದಿಲ್ಲ. ಉಳಿದಿರೋದು ಅದೊಂದೇ ಅಲ್ವಾ. ಅದೂ ಮುದುಡಿದ್ರೆ? ಅದಕ್ಕೂ ಮುಂಚೆ ಒಣಗ್ದಾಗೆಲ್ಲ ನಾಲಿಗೆಗೆ ಮುಟ್ಟಿಸಿ ಹಾಕ್ಕೋತಿದ್ದೆ. ಬೆಳಕು ನೋಡಿದ್ರೆ ಚುಚ್ಚುತ್ತೆ ಕಣೇ."

ಗಡಗಡ ಸೋಪಿನಿಂದ ಕೈ ತೊಳೆದು, ಒರೆಸಿ, ಅಲ್ಲೇ ಲೆನ್ಸ್ ತೆಗೆದಳು. ಕೈ ಅದುರಲಿಲ್ಲ. ಅದುರಲು ಅದಕ್ಕೆ ಪುರುಸೊತ್ತೇ ಇರಲಿಲ್ಲ.

"ನಡಿ ಅತ್ತೆ, ಈಗಲೇ ಆಸ್ಪತ್ರೆಗೆ."

ಅತ್ತೆ ಅವಳ ಕೈ ಹಿಡಿದಳು. "ಬೇಡ್ವೇ. ನಿಮ್ಮ ಮೇಡಂಗೆ ಗೊತ್ತಾದ್ರೆ ನಿನ್ನ ವರ್ಷ ಹಾಳಾಗುತ್ತೆ. ನಾಲ್ಕು ದಿನದಲ್ಲಿ ತಾನಾಗೇ ಹೋಗುತ್ತೆ, ಸುಮ್ನಿರು."

ಗಡಗಡಳಿಗೆ ಒಂದು ಗಳಿಗೆ ಸುಮ್ಮನಿದ್ದುಬಿಡುವ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಕಾಗದದ ಮೇಲಿನ ಆ ಗುರುತು ಕಣ್ಣ ಮುಂದೆ ಬಂತು.

"ವರ್ಷ ಇನ್ನೊಂದು ಬರುತ್ತೆ ಅತ್ತೆ. ಕಣ್ಣು ಬರಲ್ಲ. ಏಳು."

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಹಳದಿ ಬಣ್ಣದ ಮದ್ದು ಹಾಕಿ ನೋಡಿದರು. ಕರಿಗುಡ್ಡೆಯ ಮೇಲೆ ಗೀರಿತ್ತು. "ಹುಣ್ಣಾಗೋದಕ್ಕೆ ಮುಂಚೆ ಬಂದ್ರಿ. ಇನ್ನೂ ತಡ ಮಾಡಿದ್ರೆ ಬಿಳಿ ಕಲೆ ಕೂತು ದೃಷ್ಟಿಗೇ ಸಂಚಕಾರ ಬರ್ತಿತ್ತು," ಎಂದು ಮದ್ದು ಬರೆದುಕೊಟ್ಟರು. ತಾವು ಹೇಳುವ ತನಕ ಲೆನ್ಸ್ ಮುಟ್ಟಕೂಡದು ಎಂದರು.

ಮೇಡಂ ಕಾಗದ ಹಿಡಿದು ಕರೆದರು. "ತಿಳಿದಿದೆ ಅಂತ ಗುರುತು ಹಾಕಿದ್ದೀಯ. ಹೇಗೆ ಗೊತ್ತಾಯ್ತು?"

"ತಲೆ ಆಡಿಸಿದ್ರು ಮೇಡಂ."

"ಗಾಳಿ ಬೀಸಿದ್ರೆ ಮರಾನೂ ತಲೆ ಆಡಿಸುತ್ತೆ. ಅರ್ಥ ಆಯ್ತಾ ಅಂತ ಕೇಳಿದ್ರೆ ಎಲ್ರೂ ಹೂಂ ಅಂತಾರೆ. ಮಾಡಿ ತೋರ್ಸಿ ಅನ್ಬೇಕು. ಹಾಕೋದು ಅರ್ಧ ಕೆಲಸ. ಆಮೇಲೆ ನೋಡ್ಕೊಳ್ಳೋದು ಇನ್ನರ್ಧ." ಗಡಗಡ ತಲೆ ತಗ್ಗಿಸಿದಳು. "ಆದ್ರೆ ಮುಚ್ಚಿಡ್ದೆ ಕರ್ಕೊಂಡು ಬಂದೆಯಲ್ಲ, ಅದನ್ನ ನಾನು ಯಾರಿಗೂ ಕಲಿಸೋಕಾಗಲ್ಲ. ಕಣ್ಣು ವಾಸಿಯಾಗ್ಲಿ, ಮೊದಲಿಂದ ಶುರು ಮಾಡು."

ಕಣ್ಣು ವಾಸಿಯಾಯಿತು. ಡಾಕ್ಟರು ಒಪ್ಪಿದ ಮೇಲೆ ಹೊಸ ಲೆನ್ಸ್ ಬಂತು. ಈ ಸಲ ಗಡಗಡ ಬಾಯಿ ಮುಚ್ಚಿ ನಿಂತಳು, ಅತ್ತೆಯೇ ಮಾಡಿ ತೋರಿಸಿದಳು. ಸೋಪು ಹಚ್ಚಿ ಕೈ ತೊಳೆದಳು, ಒಣಗಿಸಿದಳು. ಲೆನ್ಸ್ ನೆನೆಸಿಡುವ ಡಬ್ಬಿಯಲ್ಲಿದ್ದ ಹಳೆಯ ದ್ರಾವಣ ಚೆಲ್ಲಿ ಹೊಸದು ತುಂಬಿದಳು. ಲೆನ್ಸನ್ನು ಅದೇ ದ್ರಾವಣ ಹಾಕಿ ಅಂಗೈಯಲ್ಲಿ ಉಜ್ಜಿದಳು.

"ಬಿದ್ದು ಒಣಗಿದ್ರೆ?" ಕೇಳಿದಳು ಗಡಗಡ.

"ಎಸೀತೀನಿ. ಕನ್ನಡಕ ಹಾಕ್ಕೊಂಡು ನಿನ್ನ ಹತ್ರ ಬರ್ತೀನಿ."

"ಕೆಂಪಾದ್ರೆ, ನೋವಾದ್ರೆ, ಮಂಜಾದ್ರೆ?"

"ತೆಗ್ದು, ಅದೇ ದಿನ ಓಡಿ ಬರ್ತೀನಿ. ಸಾಕು ಬಿಡೇ, ನನ್ನ ಮದ್ವೆಯಲ್ಲೂ ಇಷ್ಟು ಪ್ರಶ್ನೆ ಕೇಳಿರ್ಲಿಲ್ಲ."

"ಕೇಳ್ಬೇಕಿತ್ತು," ಎಂದ ಮಾವ, ನಿಟ್ಟುಸಿರು ಬಿಟ್ಟು.

ಮರುದಿನ, ವಾರ, ತಿಂಗಳು ಮೂರೂ ಆದವು. ಕಣ್ಣು ತಿಳಿನೀರಿನ ಹಾಗಿತ್ತು. ಮೇಡಂ ಸಹಿ ಹಾಕಿದರು. ಈಗ ಮಾವನಿಗೇ ದಿನಾ ಅಂಗಡಿಯಲ್ಲಿ ಸೋಪಿನ ಕಾವಲು. ಅತ್ತೆ ಕೈ ತೊಳೆಯುವ ಮೊದಲು ಡಬ್ಬಿ ಮುಟ್ಟಿದರೆ ಅವನೇ ಕೂಗು ಹಾಕುತ್ತಾನೆ.

ಅಕ್ಕ, ಅಣ್ಣ, ಲೆನ್ಸ್ ಹಾಕುವವರು ನೀವಾದರೆ ನೀರು, ಎಂಜಲು, ನಿದ್ದೆ, ಈ ಮೂರನ್ನೂ ಅದರಿಂದ ದೂರ ಇಡಿ. ಕಣ್ಣು ಚೆನ್ನಾಗಿದ್ದರೂ ಕರೆದ ದಿನ ಹೋಗಿ ತೋರಿಸಿ. ಕಲಿಯುವ ಮಕ್ಕಳ ಕುರ್ಚಿಯಲ್ಲಿ ಕೂರಲು ಹೆದರಬೇಡಿ, ಪಕ್ಕದಲ್ಲಿ ಕಲಿಸುವವರು ನಿಂತಿರುತ್ತಾರೆ. ಕಣ್ಣು ಸಿಗದೆ ಆ ಮಕ್ಕಳು ಕಣ್ಣು ನೋಡುವುದನ್ನು ಕಲಿಯುವುದಾದರೂ ಹೇಗೆ?

ಇಷ್ಟು ಹೊತ್ತು ಪುಕ್ಕಟೆ ಕಥೆ ಕೇಳಿ ಬರಿಗೈಯಲ್ಲಿ ಎದ್ದು ಹೋಗುವ ಹಾಗಿಲ್ಲ. ಬರುವ ವಾರ ಒಬ್ಬೊಬ್ಬರೂ ಒಂದೊಂದು ಜೊತೆ ಕಣ್ಣು ತಂದು ಆ ಕುರ್ಚಿಯಲ್ಲಿ ಕೂರಿಸಬೇಕು. ನಿಮ್ಮದಾದರೂ ಸರಿ, ನಿಮ್ಮ ಅತ್ತೆಯದಾದರೂ ಸರಿ. ಮುಖದ ಸಮೇತ ತನ್ನಿ, ಅಷ್ಟೇ.